ಒಣಗಿದ ಹಲಸಿನ ಮರದ ಅಪ್ಪಣೆ

ಮರ ಕಡಿಯುವುದು ನನ್ನ ಕಸುಬು. ಮೆಷಿನ್ ಚಾಲೂ ಮಾಡುವ ಮೊದಲು ಮರವನ್ನು ಮುಟ್ಟಿ, ನಮಸ್ಕರಿಸಿ, ಅಪ್ಪಣೆ ಕೇಳುವುದು ನಮ್ಮ ಪದ್ಧತಿ. ಜೆಪ್ಪುವಿನ ಲಿಲ್ಲಿ ಬಾಯಿಯ ಅಂಗಳದಲ್ಲೂ ಕೇಳಿದೆ. ಒಣಗಿದ ಹಲಸಿನ ಮರ, ಅವರು ಮಲಗುವ ಕೋಣೆಯ ಹಂಚಿನ ಕಡೆಗೆ ವಾಲಿತ್ತು. ಅಷ್ಟರಲ್ಲಿ ಸ್ಕೂಟರಿನಲ್ಲಿ ಸರಕಾರದ ಅಧಿಕಾರಿಯೊಬ್ಬರು ಬಂದರು.

"ಪರ್ಮಿಶನ್ ಉಂಟಾ?"

"ನಾನೇ ನೆಟ್ಟ ಮರ ಮಾರಾಯ್ರೇ," ಎಂದರು ಬಾಯಿ.

"ನೆಡ್ಲಿಕ್ಕೆ ಬೇಡ. ಕಡೀಲಿಕ್ಕೆ ಬೇಕು."

ಬಾಯಿ ಗಲ್ಫಿನಲ್ಲಿ ನರ್ಸ್ ಆಗಿದ್ದವರು. ಸಿಟ್ಟು ಮಾಡಲಿಲ್ಲ. "ಅಲ್ಲಿಯೂ ಹೀಗೆಯೇ. ಬರ್ಲಿಕ್ಕೆ ಅವರೇ ಕರೆದರು. ಅಮ್ಮ ತೀರಿಕೊಂಡಾಗ ಊರಿಗೆ ಹೊರಡ್ಲಿಕ್ಕೆ ಸರಕಾರದ ಚೀಟಿ ಬೇಕು ಅಂದರು. ಚೀಟಿ ಸಿಕ್ಕಿ ನಾನು ಊರು ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು."

ಪರದೇಶದ ಸರಕಾರಕ್ಕೂ ನಮ್ಮದಕ್ಕೂ ನೆಂಟಸ್ತಿಕೆ ಉಂಟೆಂದು ನನಗೆ ಗೊತ್ತಾದದ್ದೇ ಅಂದು.

ಅಧಿಕಾರಿಗೂ ಬೇಸರವಾದಂತೆ ಕಂಡಿತು. "ನಾನೆಂತ ಮಾಡುದು ಬಾಯಿ? ಅರ್ಜಿ ಕೊಡಿ, ಬಂದು ನೋಡ್ತೇವೆ."

"ಈಗ ನೋಡ್ತಾ ಇದ್ದೀರಲ್ಲ?"

"ಇದು ಅರ್ಜಿಯ ಮೇಲೆ ನೋಡಿದ್ದಲ್ಲ."

"ಅಲ್ಲಿವರೆಗೆ ಹಗ್ಗ ಕಟ್ಟಿ ಎಳೆದು ನಿಲ್ಲಿಸಬಹುದಾ ಸರ್?" ಎಂದು ನಾನು ಕೇಳಿದೆ.

ಅವರು ಮರವನ್ನೂ ನನ್ನ ಹಗ್ಗವನ್ನೂ ಎರಡೆರಡು ಸಲ ನೋಡಿದರು. "ಕೇಳಿ ಹೇಳ್ತೇನೆ," ಎಂದು ಸ್ಕೂಟರ್ ಹತ್ತಿದರು.

ಆ ಮೇಲೆ ಅವರ ಸುದ್ದಿ ಇಲ್ಲ. ಬಾಯಿ ಈಗ ಆ ಕೋಣೆ ಬಿಟ್ಟು ಮನೆಯ ಮುಂದಿನ ಚಾವಡಿಯಲ್ಲಿ ಮಲಗುತ್ತಾರೆ. ಅದಕ್ಕೆ ಸದ್ಯ ಯಾರನ್ನೂ ಕೇಳಬೇಕಾಗಿಲ್ಲ. ಮರವೂ ಬೀಳುವ ದಿನ ಯಾರನ್ನೂ ಕೇಳಲಿಕ್ಕಿಲ್ಲ.