ಬಸ್ಸಿನಡಿ ಇಣುಕುವ ಕಾಕಾ

ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಕಾಕಾ, ಮಳೆಯಿರಲಿ ಬಿಸಿಲಿರಲಿ, ದಿನಾ ಹಳೇ ಬೈಕಿನಲ್ಲಿ ದೂರದ ರಾಂಜಣಗಾಂವದ ಕಾರ್ಖಾನೆಗೆ ಹೋಗಿಬರುತ್ತಿದ್ದರು. ನಾನು ತಿಂಗಳಿಗೊಂದು ಭಾನುವಾರ ದೊಡ್ಡ ಬೈಕು ಹೊರಗೆಳೆದು, ಜಾಕೆಟ್ ತೊಟ್ಟು, ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಆದರೂ ಬೈಕರ್ ಎಂಬ ಬಿರುದು ನನಗೇ ಇತ್ತು, ಕೊಟ್ಟವನೂ ನಾನೇ.

"ಕಾಕಾ, ನೀವೂ ಬೈಕರ್ ಏನ್ರಿ?" ಎಂದು ಕೆಣಕಿದರೆ, "ಇಲ್ಲೋ ತಮ್ಮಾ, ನಾ ಸ್ಟೋರ್‌ಕೀಪರ್" ಎನ್ನುತ್ತಿದ್ದರು.

ನಿಂತ ಬಸ್ಸನ್ನು ದಾಟುವ ಮುಂಚೆ ಅವರು ವೇಗ ತಗ್ಗಿಸಿ, ಕೊಕ್ಕರೆಯಂತೆ ಕತ್ತು ಬಗ್ಗಿಸಿ ಬಸ್ಸಿನಡಿ ಇಣುಕುತ್ತಿದ್ದರು. ಒಮ್ಮೆ ಅವರ ಹಿಂದೆ ಕೂತಿದ್ದಾಗ ಕೇಳಿದೆ: "ಏನರೆ ಕಳಕೊಂಡೀರೇನ್ರಿ ಕಾಕಾ?"

"ಕಾಲು ನೋಡಬೇಕೋ ತಮ್ಮಾ. ಬಸ್ಸಿನ ಮುಂದಿನ ಮಂದಿ ಕಾಣಂಗಿಲ್ಲ, ಕಾಲು ಕಾಣತಾವ."

ನನಗೆ ಹೊಸ ಐಟಂ ಸಿಕ್ಕಿತು. ಆ ಕತ್ತು, ಆ ಮಾತು ಮಾಡಿ ತೋರಿಸಿ ಗೆಳೆಯರನ್ನು ನಗಿಸಿದ್ದೇ ನಗಿಸಿದ್ದು.

ಒಂದು ಭಾನುವಾರ ಹಡಪಸರದಲ್ಲಿ ಬಸ್ಸೊಂದು ನಿಂತಿತ್ತು. ಹಿಂದೆ ಕೂತ ಗೆಳೆಯ, "ಲೇ, ಕಾಕಾನ ನಕಲು ಮಾಡು!" ಎಂದ. ವೇಗ ತಗ್ಗಿಸಿ ಕತ್ತು ಬಗ್ಗಿಸಿದೆ. ಬಸ್ಸಿನ ಮುಂದಿನ ಚಕ್ರದಾಚೆ ಎರಡು ಸವೆದ ಚಪ್ಪಲಿ, ಹಸಿರು ಸೀರೆಯ ಅಂಚು, ನನ್ನ ದಾರಿಗೇ ಬರುತ್ತಿದ್ದವು. ಬ್ರೇಕು ಒತ್ತಿದೆ. ಹೊರಬಂದ ಅಜ್ಜಿ ನನ್ನ ಚಕ್ರದಿಂದ ಗೇಣು ದೂರದಲ್ಲಿ ನಿಂತು, ನೋಡಿ ಓಡಿಸು ಎಂದು ಮರಾಠಿಯಲ್ಲಿ ಬೈದು ಹೋದರು. ನೋಡಿಯೇ ಓಡಿಸಿದ್ದೆ, ಮೊದಲ ಸಲ.

ಸಂಜೆ ಹೇಳಿದಾಗ ಕಾಕಾ ಕೇಳಿದ್ದು ಇಷ್ಟೇ: "ಕಾಲು ಕಂಡ್ವೋ ಇಲ್ಲೋ?"

ಅವರೀಗ ಬೇರೆ ಊರಿನಲ್ಲಿದ್ದಾರೆ. ನಿಂತ ಪ್ರತಿ ಬಸ್ಸಿಗೂ ನಾನು ಬಗ್ಗುತ್ತೇನೆ. ಈಗ ಗೆಳೆಯರು ನನ್ನ ನಕಲು ಮಾಡಿ ನಗುತ್ತಾರೆ. ನಗಲಿ, ಅವರ ಕತ್ತಿಗೂ ರೂಢಿಯಾದರೆ ಸಾಕು.