ಬಸಿದ ನೀರು

ವೇಣು ಮಂಗಳವಾರ ಬೆಳಗಿನ ಜಾವ ತೀರಿಕೊಂಡ. ಡಯಾಲಿಸಿಸ್‌ಗೆ ಹೊರಡುವ ಮೊದಲೇ, ಇಟ್ಟಮಡುವಿನ ಮನೆಯಲ್ಲಿ, ಹೃದಯ ನಿಂತಿತು. ರಕ್ತದಲ್ಲಿ ಪೊಟ್ಯಾಸಿಯಂ ಏರಿರಬೇಕು ಎಂದರು ಡಾಕ್ಟರು.

ಅವನದು ವಾಟರ್ ಫಿಲ್ಟರ್ ರಿಪೇರಿ ಕೆಲಸ. ಯಾರ ಮನೆಗೆ ಹೋದರೂ ಕುಡಿಯಲು ಕೊಟ್ಟ ನೀರಿಗೂ ಲವಣ ಅಳೆಯುವ ಮೀಟರ್ ಅದ್ದಿ ನೋಡುತ್ತಿದ್ದ. ಕಿಡ್ನಿ ಕೆಟ್ಟ ಮೇಲೆ, ಪೊಟ್ಯಾಸಿಯಂ ಮೈಯಲ್ಲೇ ಉಳಿಯುತ್ತದೆಂದು, ಹಣ್ಣು, ಎಳನೀರು ಎಲ್ಲ ಬಿಟ್ಟ. ಬಸ್ಸಾರನ್ನು ಮಾತ್ರ ಬಿಡಲಾಗಲಿಲ್ಲ. ಸೊಪ್ಪು ತಿನ್ನಲೇಬೇಕೆಂದರೆ ಬೇಯಿಸಿ ನೀರು ಚೆಲ್ಲಿಬಿಡಿ, ಪೊಟ್ಯಾಸಿಯಂ ಅದರಲ್ಲಿ ಹೋಗುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು.

"ಬಸಿದ ನೀರು ಚೆಲ್ಲಿದ್ರೆ ಬಸ್ಸಾರು ಯಾವುದ್ರಲ್ಲಿ ಮಾಡೋದು ಮಗಾ, ಕಾವೇರಿ ನೀರಿನಲ್ಲಾ?" ಎಂದು ಗೆಳೆಯನಾದ ನನ್ನನ್ನು ಕೇಳಿದ್ದ.

ಪೊಟ್ಯಾಸಿಯಂ ಕಡಿಮೆಯಿರುವ ದಂಟಿನ ಸೊಪ್ಪನ್ನು ತಾನೇ ಬೆಳೆಯಲು ಹೊರಟ. ತಾರಸಿಯ ಮೇಲೆ ಪೈಪುಗಳನ್ನು ಜೋಡಿಸಿದ. ಮಣ್ಣಿಲ್ಲ, ಗೊಬ್ಬರದ ಲವಣ ಕರಗಿಸಿದ ನೀರು ಬೇರುಗಳನ್ನು ತೋಯಿಸಿ ಮತ್ತೆ ಡ್ರಮ್ಮಿಗೆ ಬರುತ್ತಿತ್ತು. ನೀರಿಗೆ ಹಾಕದ್ದು ಎಲೆಗೆ ಹೇಗೆ ಬಂದೀತು ಎಂಬುದು ಅವನ ವಾದ.

ಮೊದಲ ಬೆಳೆಯನ್ನು ಕೆಡಿಸಿದ್ದು ಕಸುಬಿನ ಅಭ್ಯಾಸ. ಮೀಟರಿನ ಅಂಕಿ ಇಳಿದರೆ ಸಾಕೆಂದುಕೊಂಡ. ಮೀಟರು ಒಟ್ಟು ಎಷ್ಟು ಲವಣವಿದೆ ಎಂದಷ್ಟೇ ತೋರಿಸುತ್ತದೆ, ಯಾವುದೆಂದು ಹೇಳುವುದಿಲ್ಲ. ಗಿಡಗಳು ಎಲ್ಲಕ್ಕೂ ಹಸಿದು ಬಿಳಚಿಕೊಂಡವು. ಮುಂದಿನ ಸಲ ಪೊಟ್ಯಾಸಿಯಂ ಒಂದನ್ನೇ ತಗ್ಗಿಸಿ ಉಳಿದದ್ದನ್ನು ತುಂಬಿಕೊಟ್ಟ. ಸೊಪ್ಪು ಚೆನ್ನಾಗಿಯೇ ಬಂತು. ಅವನ ಹೆಂಡತಿ ಶಾಂತಲಾ ಬಸ್ಸಾರಿಗೆ ಖಾರ ರುಬ್ಬಿಟ್ಟಳು. ಆದರೆ ಲ್ಯಾಬಿಗೆ ಕೊಟ್ಟ ಎಲೆಯಲ್ಲಿ ಪೊಟ್ಯಾಸಿಯಂ ಇನ್ನೂ ಅವನು ತಿನ್ನಲಾಗದಷ್ಟು ಉಳಿದಿತ್ತು. ಆ ಸಾರು ನಮ್ಮ ಮನೆಗೆ ಬಂತು, ನಾವು ಉಂಡೆವು. ಅವನು ಒಂದೆಲೆಯನ್ನೂ ಬಾಯಿಗಿಡಲಿಲ್ಲ.

ಮತ್ತೆ ಬಿತ್ತಿದ, ಇನ್ನೂ ತಗ್ಗಿಸಿದ. ಎಲೆಗಳ ಅಂಚು ಹಳದಿಯಾಗಿ, ಬೆಂಕಿ ತಾಗಿದಂತೆ ಕಂದತೊಡಗಿತು. ಇಷ್ಟಕ್ಕೆ ನಿಲ್ಲಿಸಿಬಿಡಿ ಎಂದು ಶಾಂತಲಾ ಹೇಳಿದಳು. ಅವನು ಕೇಳಲಿಲ್ಲ.

ಸೋಮವಾರ ಸಂಜೆ ನಾನು ಹೋದಾಗ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕಾಲುಗಳು ಊದಿದ್ದವು. ಈ ಸಲ ಅವನು ತಿನ್ನಬಹುದಾದಷ್ಟು ಕಡಿಮೆಯಿದೆ ಎಂದು ಲ್ಯಾಬಿನ ವರದಿ ಬಂದಿತ್ತು. ಆದರೆ ಪೈಪುಗಳಲ್ಲಿ ತಿನ್ನುವಂಥ ಎಲೆ ಒಂದೂ ಉಳಿದಿರಲಿಲ್ಲ. ದಂಟುಗಳು ಜೋತುಬಿದ್ದಿದ್ದವು.

"ಇವಕ್ಕೆ ಯಾಕೋ ನನ್ನ ಪಥ್ಯ," ಎಂದ.

ಎದ್ದು, ಗಿಡಗಳಿಗೆ ಹಾಕದೆ ತೆಗೆದಿಟ್ಟಿದ್ದ ಪೊಟ್ಯಾಸಿಯಂ ಪೊಟ್ಟಣವನ್ನು ಹಲ್ಲಿನಿಂದ ಹರಿದು ಅಷ್ಟನ್ನೂ ಡ್ರಮ್ಮಿಗೆ ಸುರಿದ. ಬಿಳಿ ಹರಳು ಕರಗುವವರೆಗೆ ಕೋಲಿನಿಂದ ಕಲಕಿದ. ಮೀಟರು ಜೇಬಿನಲ್ಲೇ ಇತ್ತು, ಅದ್ದಲಿಲ್ಲ. ಮುಚ್ಚಳ ಹಾಕಿ ಪಂಪಿನ ಸ್ವಿಚ್ ಒತ್ತಿದ.