ಕೇಳದೆ ಬಿಟ್ಟ ರೈಲು

ಅಕ್ಕನ ರೈಲನ್ನು ಸುಣ್ಣದಲ್ಲಿ ಮುಳುಗಿಸಿದವಳು ನಾನು. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಹದಿನೈದು ವರ್ಷ ಬೇಕಾಯಿತು. ರೈಲು ಹೋದದ್ದು ದೊಡ್ಡ ಮಾತಲ್ಲ, ಅದೊಂದು ತಗಡಿನ ಆಟಿಕೆ. ಅದರ ಜೊತೆಗೆ ಇಬ್ಬರ ಗೆಳೆತನವೂ ಹೋಯಿತು. ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ. ಅಲ್ಲಿಂದ ಮುಂದೆ ಅಕ್ಷರ ಮರೆಯದಂತೆ ನೋಡಿಕೊಂಡವಳು ಅಕ್ಕ. ತನ್ನ ಪುಟ್ಟ ರೈಲಿನ ಡಬ್ಬಿಗಳ ಮೇಲೆ ಊರುಗಳ ಹೆಸರು ಬರೆದು ನನ್ನಿಂದ ಓದಿಸುತ್ತಿದ್ದಳು.

ಆಗ ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಪಾಯಿಂಟ್ಸ್‌ಮನ್, ಗಾಡಿಗಳಿಗೆ ಹಳಿ ಬದಲಿಸಿ ಕೊಡುವ ಕೆಲಸ. ಪಕ್ಕದ ಮನೆಯವರು ಲೋಕೋ ಶೆಡ್ಡಿನಲ್ಲಿ ಫೈರ್‌ಮನ್. ಅವರ ಮಗಳಿಗೂ ಅಕ್ಕನಿಗೂ ಒಂದೇ ವಯಸ್ಸು, ಹತ್ತೊಂಬತ್ತರ ಹತ್ತಿರ. ನಾನು ಮೂರು ವರ್ಷ ಚಿಕ್ಕವಳು, ಅವಳನ್ನು ಆಪಾ ಎಂದು ಕರೆಯುತ್ತಿದ್ದೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಪಡಸಾಲೆ ತೊಳೆದ ನೀರು ಹರಿದುಹೋಗಲು ಆ ಗೋಡೆಯ ಬುಡದಲ್ಲಿ ಒಂದು ತೂತು ಇತ್ತು. ಅಕ್ಕನ ರೈಲು ಓಡುತ್ತಿದ್ದದ್ದು ಆ ತೂತಿನಲ್ಲಿ.

ದೇಶ ಬಿಟ್ಟು ಹೊರಟ ಒಬ್ಬ ಡ್ರೈವರ್ ಸಾಹೇಬರು ಕೀಲಿ ಕೊಟ್ಟರೆ ಓಡುವ ಹಸಿರು ಎಂಜಿನ್ನು, ಎರಡು ಡಬ್ಬಿ, ಒಂದಿಷ್ಟು ಹಳಿ ಅಕ್ಕನಿಗೆ ಕೊಟ್ಟಿದ್ದರು. ಉಳಿದದ್ದನ್ನೆಲ್ಲ ಅಕ್ಕ, ಆಪಾ ಇಬ್ಬರೂ ಕೂಡಿ ಕೂಡಿಸಿದರು. ಆಪಾನ ಮಾವ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ಗಾಲಿ ಮುರಿದ ಡಬ್ಬಿಗಳನ್ನು ತಂದುಕೊಡುತ್ತಿದ್ದರು. ಕಲಾಯಿ ಹಾಕುವವನು ತಗಡು ಕತ್ತರಿಸಿ ಹಳಿ ಮಾಡಿಕೊಟ್ಟ. ಬಿಸ್ಕತ್ತಿನ ಡಬ್ಬದಿಂದ ಅಕ್ಕ ತಾನೇ ಒಂದು ಗೂಡ್ಸ್ ಡಬ್ಬಿ ಮಾಡಿ, ಅದರಲ್ಲಿ ತೊಗರಿ ಬೇಳೆ ತುಂಬಿ ಆಚೆ ಮನೆಗೆ ಕಳಿಸುತ್ತಿದ್ದಳು. ಅಲ್ಲಿಂದ ಖರ್ಜೂರ ಬರುತ್ತಿತ್ತು. ಆಚೆ ಪಡಸಾಲೆಯ ನೆಲ ನಮ್ಮದಕ್ಕಿಂತ ಮೊಳದಷ್ಟು ತಗ್ಗು. ಅದಕ್ಕೆ ಆಪಾ ಇಟ್ಟಿಗೆ ಪೇರಿಸಿ, ಮೇಲೆ ಶಹಾಬಾದಿ ಫರಸಿ ಕಲ್ಲು ಇಟ್ಟು ಹಳಿಯನ್ನು ಸಮ ಮಾಡಿಕೊಂಡಿದ್ದಳು.

ನಮ್ಮ ಪಡಸಾಲೆ ವಾಡಿ, ಅವರದು ಸೇಡಂ. ಅಕ್ಕ ಮತ್ತು ಆಪಾ ಒಬ್ಬರನ್ನೊಬ್ಬರು ಹಾಗೆಯೇ ಕರೆಯುತ್ತಿದ್ದರು.

“ಏ ಸೇಡಂ, ಜೀವಂತ ಇದ್ದಿಯೇನ?”

“ಇದೀನ್ರಿ ವಾಡಿ. ನಿಮ್ಮ ಗಾಡಿ ದಾರಿ ಕಾಯ್ದು ಕಾಯ್ದು ಮುದುಕಿ ಆಗಾಕತ್ತೀನಿ.”

ದೊಡ್ಡ ರೈಲಿಗೆ ಇದ್ದ ಕಟ್ಟಳೆ ಇವರ ರೈಲಿಗೂ ಇತ್ತು. ವಾಡಿಯಿಂದ ಸೇಡಂ ಕಡೆಗೆ ಆಗ ಒಂದೇ ಹಳಿ. ಎದುರು ಬದುರು ಗಾಡಿ ಬರಬಾರದೆಂದು ಬೆತ್ತದ ಬಳೆಯೊಂದರಲ್ಲಿ ಟೋಕನ್ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಅದು ಕೈಯಲ್ಲಿ ಇಲ್ಲದೆ ಯಾವ ಡ್ರೈವರನೂ ಸ್ಟೇಷನ್ ಬಿಡುವಂತಿಲ್ಲ. ಓಡುವ ಎಂಜಿನ್ನಿಗೆ ಆ ಬಳೆಯನ್ನು ಎತ್ತಿ ಹಿಡಿಯುವುದು ಅಪ್ಪನ ಕೆಲಸಗಳಲ್ಲಿ ಒಂದು. ಇವರ ಟೋಕನ್ ಆಪಾನ ಹಳೆಯ ಅರಗಿನ ಬಳೆ. ಗಾಡಿ ಬಿಡುವ ಮೊದಲು ಗೋಡೆಗೆ ಎರಡು ಸಲ ಬಡಿದು ಕೇಳಬೇಕು. ಹಳಿ ಸರಿ ಇದ್ದರೆ ಆಚೆಯಿಂದ ಮೂರು ಸಲ ಬಡಿಯುತ್ತಾರೆ. ಆಮೇಲೆ ಬಳೆಯನ್ನು ಎಂಜಿನ್ನಿನ ಹೊಗೆ ಕೊಳವೆಗೆ ಹಾಕಿ ಕಳಿಸಬೇಕು. ಬಳೆ ಎಲ್ಲಿದೆಯೋ ಗಾಡಿ ಅಲ್ಲಿ. ಒಂದು ದಿನವೂ ಇದು ತಪ್ಪಿರಲಿಲ್ಲ.

ನನಗೆ ಇದರಲ್ಲಿದ್ದ ಕೆಲಸ ಹಳಿಯ ಮೇಲಿನ ಕೋಳಿ ಓಡಿಸುವುದು. ಕೀಲಿ ಕೊಡಲು ಒಮ್ಮೆಯೂ ಬಿಡಲಿಲ್ಲ. “ನೀ ಜೋರ್ ಮಾಡ್ತಿ, ಸ್ಪ್ರಿಂಗ್ ಹರೀತದ” ಎನ್ನುತ್ತಿದ್ದಳು ಅಕ್ಕ.

ರಂಜಾನ್ ಹಬ್ಬಕ್ಕೆ ಇನ್ನೂ ಕೆಲವು ದಿನ ಇದ್ದವು. ಆಪಾನ ಮನೆಯವರೆಲ್ಲ ಬಟ್ಟೆ ತರಲು ಗುಲ್ಬರ್ಗಕ್ಕೆ ಹೋಗಿದ್ದರು. ಅದಕ್ಕೂ ಮೊದಲೇ ಅಕ್ಕ ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದಳು. ಅಪ್ಪ ಡ್ಯೂಟಿಯಲ್ಲಿ. ಡಬ್ಬಿ ಬಿಚ್ಚಿಟ್ಟ ಎಂಜಿನ್ನು ಗೋಡೆಯ ಪಕ್ಕದಲ್ಲೇ ನಿಂತಿತ್ತು, ಬಳೆ ಮೊಳೆಗೆ ತೂಗುತ್ತಿತ್ತು. ನಾನು ಮನಸಾರೆ ಕೀಲಿ ತಿರುಗಿಸಿದೆ. ಆಚೆ ಯಾರೂ ಇಲ್ಲ, ಬಡಿದರೆ ಉತ್ತರ ಕೊಡುವವರು ಯಾರು? ಬಡಿಯಲಿಲ್ಲ. ಬಳೆಯನ್ನೂ ಹಾಕಲಿಲ್ಲ. ಸುಮ್ಮನೆ ಬಿಟ್ಟುಬಿಟ್ಟೆ.

ಎಂಜಿನ್ನು ಎಂಥ ಚೆಂದ ಹೋಯಿತೆಂದರೆ, ನನಗೆ ಚಪ್ಪಾಳೆ ತಟ್ಟುವಂತಾಯಿತು. ತೂತಿನೊಳಗೆ ಹೊಕ್ಕಿತು. ಆಮೇಲೆ ಬುಳಕ್ ಎಂದು ಒಂದು ಸದ್ದು.

ಹಿತ್ತಲಿನ ಗಿಡ್ಡ ಗೋಡೆ ಹಾರಿ ಹೋಗಿ ನೋಡಿದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯಬೇಕೆಂದು ಆಪಾನ ಅವ್ವ ಅಂದು ಬೆಳಿಗ್ಗೆ ಫರಸಿ, ಇಟ್ಟಿಗೆ ಎಲ್ಲ ತೆಗೆದು, ಅದೇ ಜಾಗದಲ್ಲಿ ಸುಣ್ಣದ ಹರಳು ನೆನೆಸಿದ ದೊಡ್ಡ ಬಾನಿ ಇಟ್ಟು ಹೋಗಿದ್ದರು. ಬಡಿದು ಕೇಳುವ ಕಟ್ಟಳೆ ಇದ್ದದ್ದೇ ಇಂಥದಕ್ಕೆ. ಸುಣ್ಣ ಇನ್ನೂ ಕುದಿಯುತ್ತಿತ್ತು. ಇಕ್ಕಳ ತಂದು ಎಂಜಿನ್ನು ಎತ್ತುವಷ್ಟರಲ್ಲಿ ಅದರ ಹಸಿರು ಬಣ್ಣ ಸಿಪ್ಪೆಯಂತೆ ಸುಲಿದಿತ್ತು. ಕೀಲಿ ತಿರುಗಲಿಲ್ಲ.

ಇಲ್ಲಿಯವರೆಗೆ ಆದದ್ದು ಅವಿವೇಕ. ಮುಂದೆ ಮಾಡಿದ್ದು ಪಾಪ. ಎಂಜಿನ್ನನ್ನು ಉಟ್ಟಿದ್ದ ಪರಕಾರದಲ್ಲಿ ಸುತ್ತಿಕೊಂಡು ಹೋಗಿ, ಕಾಲೊನಿಯ ಹಿಂದೆ ನೀರು ತುಂಬಿದ ಕಲ್ಲಿನ ಗಣಿಗೆ ಒಗೆದೆ. ಬರುವಾಗ ಯೋಚನೆ ಬಂತು: ಬಳೆ ನಮ್ಮ ಮನೆಯಲ್ಲಿದ್ದು ಗಾಡಿ ಇಲ್ಲವೆಂದರೆ ನನ್ನನ್ನೇ ಕೇಳುತ್ತಾರೆ. ಬಳೆಯನ್ನು ಮೊಳೆಯಿಂದ ತೆಗೆದು, ಬಾನಿಗೆ ಬೀಳದಂತೆ ಓರೆಯಾಗಿ ತೂತಿನಿಂದ ಆಚೆಗೆ ಎಸೆದೆ.

ಮರುದಿನ ಗೋಡೆಯಾಚೆಯಿಂದ ಆಪಾನೇ ಕೂಗಿದಳು. “ಏ ವಾಡಿ, ನಮ್ಮ ನೆಲದ ಮ್ಯಾಲ ಬಳಿ ಬಿದ್ದದ. ಗಾಡಿ ಎಲ್ಲದ?”

ಅಕ್ಕ ನನ್ನ ಕಡೆ ತಿರುಗಿದಳು. ನಾನು ಮೊದಲೇ ಕಟ್ಟಿಟ್ಟುಕೊಂಡ ಮಾತು ಹೇಳಿದೆ: “ನಿನ್ನಿ ಊರಿಗಿ ಹೋಗೂಕಿಂತ ಮೊದಲ ಆಪಾನೇ ಗಾಡಿ ಬೇಕಂದ್ಲು. ಮೂರು ಸಲ ಬಡದ್ಲು. ನಾ ಬಳಿ ಹಾಕಿ ಕಳಿಸಿದೆ.”

“ಸುಳ್ಳ! ನಾ ಬಡದಿಲ್ಲ. ಖುದಾನ ಆಣೆ, ನಾ ಗಾಡಿ ಮುಟ್ಟಿಲ್ಲ” ಎಂದಳು ಆಪಾ.

“ಮುಟ್ಟದೇ ಬಳಿ ಹ್ಯಾಂಗ ಬಂತವ್ವ ನಿಮ್ಮ ಮನಿಗಿ? ನಡಕೋತ ಬಂತೇನ?” ಎಂದಳು ಅಕ್ಕ.

ಅಪ್ಪನನ್ನು ಕೇಳಿದರು. ಅಪ್ಪ ಕೆಟ್ಟವರಲ್ಲ. ಆದರೆ ಇಪ್ಪತ್ತು ವರ್ಷ ಬಳೆಯನ್ನು ನಂಬಿ ಗಾಡಿ ಬಿಟ್ಟವರು. “ಮನಷಾ ಸುಳ್ಳ ಹೇಳಬಹುದು, ಬಳಿ ಹೇಳಂಗಿಲ್ಲ” ಎಂದರು. ಬೇರೆ ಯಾವ ಮನೆಯಲ್ಲಾದರೂ ಇನ್ನೊಮ್ಮೆ ಹುಡುಕುತ್ತಿದ್ದರು. ನನ್ನನ್ನು ಗದರಿಸಿ ಕೇಳುತ್ತಿದ್ದರು. ರೈಲಿನವರ ಮನೆಯಲ್ಲಿ ಆ ಬಳೆಯ ಮುಂದೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಕ್ಕ ಇಟ್ಟಿಗೆ ಚೂರು, ಮಣ್ಣು ತಂದು ತೂತು ಮುಚ್ಚಿದಳು. ಮುಂದೆ ಅಕ್ಕನ ಮದುವೆಗೆ ಆಪಾ ಸೀರೆ ಕಳಿಸಿದಳು. ಅಕ್ಕ ಅದರ ಮಡಿಕೆ ಬಿಚ್ಚದೆ ವಾಪಸ್ ಕಳಿಸಿದಳು. ಅದನ್ನು ಒಯ್ದು ಕೊಟ್ಟವಳು ನಾನೇ. ಆಪಾ ಸೀರೆ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.

ಅಕ್ಕನನ್ನು ಚಿಂಚೋಳಿ ಹತ್ತಿರದ ಚಂದಾಪುರಕ್ಕೆ ಕೊಟ್ಟರು. ಆ ತಾಲ್ಲೂಕಿನಲ್ಲಿ ರೈಲೇ ಇಲ್ಲ, ಸಿಳ್ಳು ಕೂಡ ಕೇಳುವುದಿಲ್ಲ. “ಚಲೋನೇ ಆಯ್ತು” ಎಂದಳು ಅಕ್ಕ. ಆಪಾ ಶಹಾಬಾದದ ಸೊಸೆಯಾದಳು. ನನ್ನದು ನಿಜವಾದ ಸೇಡಂ. ತವರಿನಲ್ಲಿ ಅಕ್ಕ ತಂಗಿ ಕೂಡಿದಾಗೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದೆ. ತೆರೆದ ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

ನಾವು ಮನೆಗೆ ಹೊಸ ನೆಲ ಹಾಕಿಸುವ ವರ್ಷ ಫರಸಿ ನೋಡಲು ಗಂಡನ ಜೊತೆ ಶಹಾಬಾದಕ್ಕೆ ಹೋದೆ. ಕಲ್ಲಿಗೆ ಪಾಲಿಶ್ ಮಾಡುವ ಒಂದು ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, ಬಾಗಿಲಿನಷ್ಟು ದೊಡ್ಡ ಫರಸಿಯ ಮೇಲೆ ಪುಟ್ಟ ರೈಲೊಂದು ಸುತ್ತು ಹಾಕುತ್ತಿತ್ತು. ಪಕ್ಕದ ಹಲಗೆಯ ಮೇಲೆ ಸಾಲಾಗಿ ಇನ್ನೂ ಆರೇಳು ಎಂಜಿನ್ನುಗಳು. ಬಗ್ಗಿ ಅವುಗಳ ಗಾಲಿಗೆ ಎಣ್ಣೆ ಬಿಡುತ್ತಿದ್ದ ಹೆಂಗಸು ತಲೆ ಎತ್ತಿದಳು.

“ಏ, ನೀ ವಾಡಿ ತಂಗಿ ಅಲ್ಲೇನ? ಬಾ ಬಾ, ಕುಂದ್ರು. ಎಷ್ಟು ದಪ್ಪ ಆಗಿದಿ ನೀ!”

ಆಪಾ ಒಂದೊಂದನ್ನೇ ಕೈಗೆತ್ತಿ ತೋರಿಸಿದಳು. ಒಂದು ಬೊಂಬಾಯಿಯದು, ಒಂದು ಹೈದರಾಬಾದಿನದು. ದುಬೈಯಿಂದ ಅವಳ ತಮ್ಮ ತಂದದ್ದು ಸೆಲ್ಲಿನ ಮೇಲೆ ಓಡುತ್ತಿತ್ತು. ಫರಸಿಯ ಎರಡು ತುದಿಗೆ ಎರಡು ಸ್ಟೇಷನ್ ಮಾಡಿದ್ದಳು. “ಮಕ್ಕಳಿಗಿ ಬೇಸರ ಬಂದದ. ಈ ಕಡಿಂದ ನಾನೇ ಬಿಡ್ತೀನಿ, ಓಡಿ ಹೋಗಿ ಆ ಕಡಿ ನಾನೇ ಹಿಡೀತೀನಿ” ಎಂದು ನಕ್ಕಳು. ನಗು ನಿಂತ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು: “ನಿಮ್ಮಕ್ಕ ಇನ್ನೂ ನನಗ ಕಳ್ಳಿ ಅಂತಾಳೇನ?”

ಮರುದಿನ ಮೊದಲ ಬಸ್ಸಿಗೆ ಚಂದಾಪುರಕ್ಕೆ ಹೋದೆ.

ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಮೊರ ನಿಂತಿತು.

“ಬಳಿ?”

“ನಾನೇ ಒಗದೆ.”

“ಮೂರು ಸಲ ಬಡದದ್ದು?”

“ಯಾರೂ ಬಡದಿಲ್ಲಕ್ಕ.”

ಹೊಡೆಯುತ್ತಾಳೆಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಜೋಳವನ್ನು ನೋಡುತ್ತಾ ಹೇಳಿದಳು: “ನಿನಗ ಆಮ್ಯಾಲ ನೋಡ್ಕೋತೀನಿ. ನೀ ಹೇಳಿದ್ದು ಒಂದು ಸುಳ್ಳ. ಆಕಿ ಖುದಾನ ಆಣೆ ಮಾಡಿ ಹೇಳಿದ್ಲು, ನಾ ಒಂದು ಅರಗಿನ ಬಳಿ ನಂಬಿದೆ.” ಎದ್ದು ಸೀರೆ ಬದಲಿಸಿದಳು. “ನಡಿ. ಶಹಾಬಾದದ ಬಸ್ ಎಷ್ಟೊತ್ತಿಗದ?”

ಆಪಾನ ಬಾಗಿಲಲ್ಲಿ ಅಕ್ಕ ಒಳಗೆ ಕಾಲಿಡಲಿಲ್ಲ. “ತಪ್ಪು ನಂದದ. ನೀ ಖರೇ ಹೇಳಿದ್ದಿ” ಎಂದಳು. ನಡೆದದ್ದನ್ನು ನಾನು ಹೇಳಿದೆ. ಆಪಾ ಕೇಳುತ್ತಾ ಕೇಳುತ್ತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಹದಿನೈದು ವರ್ಷ ಲೈನ್ ಬಂದ್ ಇಟ್ಟಿ, ವಾಡಿ” ಎಂದಳು ಅಕ್ಕನಿಗೆ. ಇಬ್ಬರ ಕಣ್ಣೂ ತುಂಬಿದ್ದವು. ಆಮೇಲೆ ನನ್ನ ಕಡೆ ತಿರುಗಿದಳು. “ನೀ ಅಳಬ್ಯಾಡ. ಅಳೂದು ನಮ್ಮ ಪಾಳಿ. ಒಳಗ ನಮ್ಮ ಅವ್ವ ಇದ್ದಾಳ. ಮಗಳಿಗಿ ಕಳ್ಳಿ ಅಂದ್ರಂತ ಆಕಿ ಭಾಳ ನೊಂದಾಳ. ಆಕಿ ಮುಂದ ಹೇಳು.”

ಮುದುಕಿಗೆ ಕಿವಿ ಕೇಳುತ್ತಿರಲಿಲ್ಲ. ಹೊರಗೆ ಪಾಲಿಶ್ ಮಷೀನು ಗರಗರ ಎನ್ನುತ್ತಿತ್ತು.

“ಅಮ್ಮಾ, ಗಾಡಿ ಹಾಳು ಮಾಡಿದಾಕಿ ನಾನ್ರಿ!”

“ಯಾವ ಸಾಡಿ?”

“ಸಾಡಿ ಅಲ್ರಿ, ಗಾಡಿ! ಅಕ್ಕನ ಎಂಜಿನ್! ನಾನೇ ಸುಣ್ಣದಾಗ ಕೆಡವಿದೆ! ಆಪಾನ ಮ್ಯಾಲ ಸುಳ್ಳ ಹೇಳಿದೆ!”

ನನ್ನ ಕಿರಿಚಾಟಕ್ಕೆ ಕೆಲಸದವರು ಮಷೀನು ನಿಲ್ಲಿಸಿದರು. ಕೊನೆಯ ಮಾತು ಇಡೀ ಅಂಗಳಕ್ಕೆ ಕೇಳಿಸಿತು.

“ಸುಣ್ಣದಾಗ?” ಎಂದರು ಮುದುಕಿ. “ಅದಕ್ಕೇ ಆ ವರ್ಷ ಗೋಡಿ ತುಂಬ ಎಣ್ಣಿ ಕಲಿ! ಹಬ್ಬದ ದಿನ ಮಂದಿ ನಕ್ಕರು. ಆ ಸುಣ್ಣ ಮಾರವಗ ಎಷ್ಟು ಬೈದೀನಿ ನಾ! ಪಾಪ, ಅಂವ ಆಮ್ಯಾಲ ನಮ್ಮ ಓಣಿಗೇ ಬರಲಿಲ್ಲ.” ಆಮೇಲೆ ಮಗಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. ಅವಳ ಕೈಯನ್ನು ಸವರುತ್ತಲೇ ಇದ್ದರು.

ಮೊದಲು ನಕ್ಕವಳು ಅಕ್ಕ. ಆಪಾ ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ.

ಮಧ್ಯಾಹ್ನ ಇಬ್ಬರೂ ಫರಸಿಯ ಎರಡು ತುದಿಗೆ ಕುಳಿತರು. ಗೂಡ್ಸ್ ಮೊದಲೋ ಪ್ಯಾಸೆಂಜರ್ ಮೊದಲೋ ಎಂದು ಜಗಳ ತೆಗೆದರು. ಚಿಂಚೋಳಿ ಬಸ್ಸಿನ ಹೊತ್ತಾಯಿತೆಂದು ನಾನು ಎರಡು ಸಲ ಹೇಳಿದೆ. ಅಕ್ಕ ತಲೆ ಎತ್ತಲಿಲ್ಲ. “ನೀ ಹೋಗು. ನಾ ನಾಳಿ ಬರ್ತೀನಿ” ಎಂದಳು.

ಆಪಾ ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದಳು. ನಾನು ಕ್ಷಮೆ ಎಂಬ ಮಾತು ಎತ್ತಲಿಲ್ಲ. ಕೇಳಿದ ಕೂಡಲೇ ಸಿಗಬೇಕಾದ ವಸ್ತು ಅದಲ್ಲ ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು.

“ಬರೂ ಐತವಾರ ಬಾ” ಎಂದಳು ಕೊನೆಗೆ. “ಇವತ್ತು ವಾಡಿ ಬಂದಾಳಂತ ಬಿಟ್ಟೀನಿ. ನಿನಗ ಬೈಯೂದು ಇನ್ನೂ ಹಾಂಗೇ ಉಳದದ.”

ಆ ಭಾನುವಾರ ಹೋದೆ. ಹೇಳಿದಂತೆ ಬೈದಳು, ಚಹಾ ಆರುವವರೆಗೂ ಬೈದಳು. ಆಮೇಲೆ ಆರಿದ ಚಹಾ ಚೆಲ್ಲಿ ನನಗೆ ಬಿಸಿಯದು ತಂದುಕೊಟ್ಟಳು.